ಹಳೆಯ ಹಾಡು, ಹಳೆಯ ಕಿವಿ

ಕಳೆದ ವರ್ಷ ಚಿಕ್ಕಬಳ್ಳಾಪುರದ ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಯೊಬ್ಬ ‘ಪ್ರೇಮಲೋಕ’ದ ಹಾಡು ಹಾಡಿದ. ತೀರ್ಪುಗಾರನಾಗಿ ಮುಂದಿನ ಸಾಲಿನಲ್ಲಿದ್ದ ನನ್ನ ಕಣ್ಣು ಒದ್ದೆಯಾಯಿತು. ಹುಡುಗನ ಶ್ರುತಿ ಸರಿಯಿರಲಿಲ್ಲ. ತಾಳವೂ ಎರಡು ಕಡೆ ಜಾರಿತ್ತು. ಆದರೂ ಮೊದಲ ಬಹುಮಾನ ಅವನಿಗೇ ಕೊಡಿಸಿದೆ. ರಸ ಬೇರೆ, ಭಾವುಕತೆ ಬೇರೆ ಎಂದು ತರಗತಿಯಲ್ಲಿ ಇಪ್ಪತ್ತು ವರ್ಷದಿಂದ ಸಾರುತ್ತ ಬಂದವನು ಮಾಡಬಾರದ ಕೆಲಸವಿದು. ಆ ಹಾಡುಗಳನ್ನು ವಿಮರ್ಶಕನ ಕಿವಿಯಿಂದ ಕೇಳಿಯೇ ಬಿಡೋಣವೆಂದು ಅಂದು ರಾತ್ರಿ ಕುಳಿತೆ.

‘ಪ್ರೇಮಲೋಕ’ 1987ರ ಚಿತ್ರ. ನಿರ್ದೇಶನವೂ ನಾಯಕನ ಪಾತ್ರವೂ ರವಿಚಂದ್ರನ್ ಅವರದು. ಸಾಹಿತ್ಯವೂ ಸಂಗೀತವೂ ಹಂಸಲೇಖ ಅವರದು. ಮುಂದೆ ‘ರಣಧೀರ’ (1988), ‘ರಾಮಾಚಾರಿ’ (1991) ಬಂದವು. ಇಂಗ್ಲೆಂಡಿನಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲಿ ಮಾರ್ಕ್ ಬೋಲನ್, ಡೇವಿಡ್ ಬೋವಿ ಮೊದಲಾದವರು ಮುಖಕ್ಕೆ ಬಣ್ಣ ಬಳಿದು, ಮಿನುಗುವ ಉಡುಪು ತೊಟ್ಟು ಗಿಟಾರು ಹಿಡಿದದ್ದುಂಟು. ಅದಕ್ಕೆ ಗ್ಲಾಮ್ ರಾಕ್ ಎಂದು ಹೆಸರು. ನಮ್ಮ ಸೀಮೆಗೆ ಅಂಥ ಥಳಕು ಬಂದದ್ದು ತಡವಾಗಿ, ರವಿಚಂದ್ರನ್ನರ ಮೋಟಾರ್‌ಸೈಕಲ್ಲಿನ ಮೇಲೆ. ಚಿತ್ರಕ್ಕೆ 1982ರ ಹಾಲಿವುಡ್ ಚಿತ್ರ ‘ಗ್ರೀಸ್ 2’ರ ನೆರಳಿದೆ ಎಂಬುದನ್ನು ಬಲ್ಲವರು ಬಲ್ಲರು. ಆಗ ನಮಗೆ ಅದು ತಿಳಿದಿರಲಿಲ್ಲ, ತಿಳಿದಿದ್ದರೂ ಬಿಡುತ್ತಿರಲಿಲ್ಲ.

ಬಂದದ್ದು ಬರಿಯ ಥಳಕಲ್ಲವೆಂದು ನನ್ನ ಎಣಿಕೆ. ಚಿಂತಾಮಣಿಯ ಕಡೆಯ ನಮ್ಮ ಮನೆಮಾತು ತೆಲುಗು. ಭಜನೆಯಲ್ಲಿ ಹಾಡುತ್ತಿದ್ದ ಕೈವಾರದ ತಾತಯ್ಯನವರ ಕೀರ್ತನೆಗಳೂ ಬಹುಮಟ್ಟಿಗೆ ತೆಲುಗೇ. ಗೌರಿಬಿದನೂರಿನ ಕಡೆಯೂ ಇಂಥ ಮನೆಗಳೆಷ್ಟೋ. ಕನ್ನಡವೆಂದರೆ ಶಾಲೆಯ ಭಾಷೆ, ಅರ್ಜಿಯ ಭಾಷೆ. ಪರೀಕ್ಷೆ ಮುಗಿದೊಡನೆ ಮಡಿಸಿಡುವಂಥದು. ರಜೆಗೆ ಶಿಡ್ಲಘಟ್ಟದ ಸೋದರಮಾವನವರ ಮನೆಗೆ ಹೋದರೆ, ಅವರ ರೇಷ್ಮೆನೂಲು ತೆಗೆಯುವ ಶೆಡ್ಡಿನಲ್ಲಿ, ಗೂಡು ಬೇಯುವ ವಾಸನೆಯ ನಡುವೆ, ಟೇಪ್‌ರೆಕಾರ್ಡರು ದಿನವಿಡೀ ಹಾಡುತ್ತಿತ್ತು. ಕನ್ನಡದಲ್ಲಿ ತುಂಟತನ ಮಾಡಬಹುದು, ಜಗಳ ಕಾಯಬಹುದು ಎಂದು ನನಗೆ ತಿಳಿದದ್ದು ಅಲ್ಲಿ. ಉರ್ದು ಮಾತಿನ ಕೆಲಸದ ಹುಡುಗರೂ ತೆಲುಗು ಮಾತಿನ ನಾವೂ ಒಟ್ಟಿಗೆ ಹಾಡಿದ ಮೊದಲ ಕನ್ನಡವದು. ನಾನು ಕನ್ನಡ ಎಂ.ಎ. ಮಾಡಿದ್ದಕ್ಕೆ ಕುಮಾರವ್ಯಾಸನೇ ಕಾರಣವೆಂದು ಸಂದರ್ಶನದಲ್ಲಿ ಹೇಳಿದ್ದೆ. ಅದು ಪೂರ್ತಿ ನಿಜವಲ್ಲ.

ಈಗ ಕೇಳಿದರೆ? ಹೆಣೆದವನೂ ರಾಗ ಹಾಕಿದವನೂ ಒಬ್ಬನೇ ಆದ ಲಾಭ ಎದ್ದು ಕಾಣುತ್ತದೆ. ಮಾತಿನ ಒತ್ತು ಎಲ್ಲಿಯೋ ಪೆಟ್ಟೂ ಅಲ್ಲಿಯೇ. ಚಿ. ಉದಯಶಂಕರ್, ವಿಜಯನಾರಸಿಂಹ ಇವರ ಹಾಡುಗಳನ್ನು ಹಿರಿಯರ ಪಂಕ್ತಿಯಲ್ಲಿ ಕುಳಿತು ಹಾಡಬಹುದಿತ್ತು. ಇವು ಕಾಲೇಜಿನ ಮೆಟ್ಟಿಲ ಮೇಲಿನ ಮಾತು. ಈ ಗುಣ ನನ್ನ ಪ್ರಾಯದ ಭ್ರಮೆಯಲ್ಲ. ಹಂಸಲೇಖರಿಗೆ ಸಂಗೀತಕ್ಕಾಗಿ ರಾಷ್ಟ್ರಪ್ರಶಸ್ತಿ ಬಂದದ್ದು ಮಾತ್ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ (1995) ಚಿತ್ರಕ್ಕೆ. ವಿದ್ವಾಂಸರು ಒಪ್ಪುವ ಬಗೆಯ ಸಂಗೀತವದು.

ದೋಷಗಳೂ ಉಂಟು. ಯಂತ್ರದ ತಾಳ ಇಂದು ಟೊಳ್ಳಾಗಿ ಕೇಳುತ್ತದೆ. ನಮ್ಮ ಮಾವನವರ ಕ್ಯಾಸೆಟ್ಟು ಸವೆದು ಎರಡನೆಯ ಚರಣದಲ್ಲಿ ಒಂದು ಕಡೆ ದನಿ ಎಳೆಯುತ್ತಿತ್ತು. ಮೊಬೈಲಿನ ಸ್ವಚ್ಛ ಪ್ರತಿಯಲ್ಲಿ ಆ ಎಳೆತವಿಲ್ಲ, ನಾನು ಮಾತ್ರ ಅದಕ್ಕೇ ಕಾದೆ. ನನ್ನ ಕಣ್ಣೀರಿನಲ್ಲಿ ಹಂಸಲೇಖರಿಗೆ ಎಷ್ಟು ಪಾಲು, ಸವೆದ ಟೇಪಿಗೆ ಎಷ್ಟು ಪಾಲು ಎಂದು ಅಲ್ಲಿ ಸಂಶಯ ಹುಟ್ಟಿತು. ಹುಡುಗಿಯನ್ನು ಬೆನ್ನುಹತ್ತಿ ಕಾಡುವುದನ್ನೇ ಒಲವೆಂದು ಹಾಡುವ ರೀತಿ ಅಂದು ನನ್ನ ಕಿವಿಗೆ ತಾಕಲೇ ಇಲ್ಲ; ಇದು ಕ್ಯಾಸೆಟ್ಟಿನ ತಪ್ಪಲ್ಲ.

ಮರುದಿನ ತರಗತಿಯಲ್ಲಿ ಒಂದು ಯುಗಳಗೀತೆ ಕೇಳಿಸಿ, ಆಡುಮಾತಿನ ಲಯವನ್ನು ಉತ್ಸಾಹದಿಂದಲೇ ವಿವರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಲಯ ಚೆನ್ನಾಗಿದೆ ಸಾರ್. ಆ ಹುಡುಗಿಗೆ ಬೇಡ ಅನ್ನೋಕೆ ಎಷ್ಟು ಸಾಲು ಕೊಟ್ಟಿದಾರೆ?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದವಳು ಹಾಡನ್ನು ಮೊದಲಿನಿಂದ ಹಾಕಿ, ಬೆರಳು ಮಡಿಸಿ ಎಣಿಸತೊಡಗಿದಳು.