ವಿಶಿಷ್ಟೋಷ್ಣದ ಉತ್ತರ, ತುಕ್ಕಿನ ಪ್ರಶ್ನೆ

ಪ್ರಥಮ ಪಿಯುಸಿ ತರಗತಿಗಳಲ್ಲಿ ಬಳಕೆಯಲ್ಲಿರುವ ಎನ್‌ಸಿಇಆರ್‌ಟಿ ಭೌತವಿಜ್ಞಾನ ಪಠ್ಯದಲ್ಲಿ, ಉಷ್ಣದ ಅಧ್ಯಾಯದಲ್ಲಿ, ಒಂದು ವಿವರಣೆ ಬರುತ್ತದೆ. ಬೇರೆ ವಸ್ತುಗಳಿಗೆ ಹೋಲಿಸಿದರೆ ನೀರಿನ ವಿಶಿಷ್ಟೋಷ್ಣ ಅತಿ ಹೆಚ್ಚು. ವಾಹನದ ರೇಡಿಯೇಟರಿನಲ್ಲಿ ಅದನ್ನು ಶೀತಕವಾಗಿ ಬಳಸಲು ಅದೇ ಕಾರಣ ಎಂಬುದು ಅದರ ಸಾರಾಂಶ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ. ಮೂವತ್ತು ವರ್ಷ ನಾನೂ ಹೀಗೆಯೇ ಅಂಕ ಕೊಟ್ಟಿದ್ದೇನೆ.

ಈಚೆಗೆ ನವಲಗುಂದದ ಕಡೆಯ ವಿದ್ಯಾರ್ಥಿಯೊಬ್ಬ ಕೇಳಿದ: "ಸರ್, ವಿಶಿಷ್ಟೋಷ್ಣ ಅಂತ ಬರದ್ರ ಮಾರ್ಕ್ಸ್ ಬರ್ತಾವ. ಆದ್ರ ನಮ್ಮ ಕಾರಿನ ರೇಡಿಯೇಟರ್ ನೀರು ಚಹಾದಂಗ ಯಾಕ ಆಗೈತ್ರಿ?" ಅವನ ಪ್ರಶ್ನೆಗೆ ಪಠ್ಯದಲ್ಲಿ ಉತ್ತರವಿರಲಿಲ್ಲ. ಇಷ್ಟು ವರ್ಷ ಆ ಉತ್ತರವನ್ನು ಒಪ್ಪಿಕೊಂಡು ಬಂದ ನಮ್ಮ ಬೋಧನೆಯನ್ನೇ ಮರುಪರಿಶೀಲಿಸಬೇಕೆಂದು ನನಗೆ ಆಗ ಅನ್ನಿಸಿತು.

ಮೊದಲು ಪಠ್ಯದ ವಾಕ್ಯವನ್ನೇ ನೋಡೋಣ. ನೀರಿನ ವಿಶಿಷ್ಟೋಷ್ಣ ಒಂದು ಕಿಲೋಗ್ರಾಂಗೆ, ಒಂದು ಡಿಗ್ರಿಗೆ 4.2 ಕಿಲೋಜೂಲ್. ಇದು ಬಹಳ ಹೆಚ್ಚು, ನಿಜ. ಆದರೆ ಅತಿ ಹೆಚ್ಚು ಅಲ್ಲ. ದ್ರವ ಅಮೋನಿಯದ ವಿಶಿಷ್ಟೋಷ್ಣ ಇದಕ್ಕಿಂತ ಹೆಚ್ಚು. ಹೈಡ್ರೊಜನ್ ಅನಿಲದ್ದು 14ಕ್ಕೂ ಮಿಕ್ಕಿದ್ದು. ಈ ದೋಷ ಸಣ್ಣದು. ಇನ್ನೊಂದು ದೋಷ ದೊಡ್ಡದು. ಇಂದಿನ ಕಾರುಗಳಿಗೆ ತಯಾರಕರು ಹೇಳುವುದು ಬರಿ ನೀರನ್ನಲ್ಲ, ಎಥಿಲೀನ್ ಗ್ಲೈಕಾಲ್ ಬೆರೆತ ಕೂಲೆಂಟನ್ನು. ಅರ್ಧಕ್ಕರ್ಧ ಬೆರೆಸಿದ ದ್ರಾವಣದ ವಿಶಿಷ್ಟೋಷ್ಣ ಸುಮಾರು 3.5, ಎಂದರೆ ನೀರಿಗಿಂತ ಕಡಿಮೆ. ವಿಶಿಷ್ಟೋಷ್ಣವೊಂದೇ ಕಾರಣವಾಗಿದ್ದರೆ ಯಾರೂ ಹಣ ಕೊಟ್ಟು ಅದನ್ನು ತಗ್ಗಿಸಿಕೊಳ್ಳುತ್ತಿರಲಿಲ್ಲ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲು ಗ್ಲೈಕಾಲ್ ಬೇಕು ಎನ್ನಬಹುದು. ಕುಂದಗೋಳದಲ್ಲಿ, ಅಣ್ಣಿಗೇರಿಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಕೂಲೆಂಟ್ ಬೇಕು. ಒಂದು ಕಾರಣ, ಅದು ಕುದಿಬಿಂದುವನ್ನು ಏರಿಸುತ್ತದೆ. ಇನ್ನೊಂದು, ಇಲ್ಲಿಗೆ ಹೆಚ್ಚು ಮುಖ್ಯವಾದದ್ದು, ಅದರಲ್ಲಿ ತುಕ್ಕುನಿರೋಧಕಗಳಿರುತ್ತವೆ.

ತುಕ್ಕಿನ ಪಾಠ ಮಕ್ಕಳಿಗೆ ಗೊತ್ತೇ ಇದೆ. ಹತ್ತನೆಯ ತರಗತಿಯಲ್ಲಿ ಮೂರು ಪ್ರನಾಳಗಳಲ್ಲಿ ಮೊಳೆ ಹಾಕುವ ಪ್ರಯೋಗವಿದೆ. ಕುದಿಸಿದ ನೀರಿನ ಮೇಲೆ ಎಣ್ಣೆಯ ಪದರವಿರುವ ಪ್ರನಾಳದಲ್ಲಿ ಮೊಳೆಗೆ ತುಕ್ಕು ಹಿಡಿಯುವುದಿಲ್ಲ. ಗಾಳಿ, ನೀರು ಎರಡೂ ಇರುವಲ್ಲಿ ಹಿಡಿಯುತ್ತದೆ. ಸರಿಯಾಗಿ ಮುಚ್ಚಿದ ರೇಡಿಯೇಟರ್ ಎಣ್ಣೆ ಹಾಕಿದ ಆ ಪ್ರನಾಳವಿದ್ದಂತೆ.

ಲೆಕ್ಕ ಹಾಕಿ ನೋಡೋಣ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಕ್ಸಿಜನ್ ಸುಮಾರು 8 ಮಿಲಿಗ್ರಾಂ. ಕಾರಿನಲ್ಲಿ 6 ಲೀಟರ್ ನೀರಿದ್ದರೆ 48 ಮಿಲಿಗ್ರಾಂ. ಇದು ತುಕ್ಕಾಗಿಸಬಲ್ಲದ್ದು ಸುಮಾರು 0.1 ಗ್ರಾಂ ಕಬ್ಬಿಣವನ್ನು ಮಾತ್ರ. ಇಷ್ಟರಿಂದ ನೀರು ಚಹಾದ ಬಣ್ಣಕ್ಕೆ ತಿರುಗಿ ತಳದಲ್ಲಿ ಕೆಸರು ಕಟ್ಟಲಾರದು. ಹಾಗೆ ಕೆಸರು ಕಟ್ಟಿದ್ದರೆ ಹೊಸ ಆಕ್ಸಿಜನ್ ಒಳಗೆ ಬರುತ್ತಲೇ ಇದೆ ಎಂದರ್ಥ: ಮುಚ್ಚಳದ ರಬ್ಬರ್ ಸವೆದಿರಬಹುದು, ಹೋಸ್ ಸಡಿಲವಾಗಿರಬಹುದು, ದಿನವೂ ಹೊಸ ನೀರು ತುಂಬುತ್ತಿರಬಹುದು. ತುಕ್ಕನ್ನು ತೊಳೆಯುವ ಮೊದಲು ಗಾಳಿ ನುಗ್ಗುವ ದಾರಿ ಹುಡುಕಬೇಕು.

ಎರಡನೆಯ ಶತ್ರು ಲವಣ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯಲ್ಲಿ ಕೊಳವೆಬಾವಿ ತೋಡಿದರೆ ಅನೇಕ ಕಡೆ ಬರುವುದು ಸವಳು ನೀರು. ಕುಡಿಯಲು ಜನ ಕೆರೆ, ಕಾಲುವೆಗಳನ್ನು ನೆಚ್ಚಿಕೊಂಡದ್ದು ಅದಕ್ಕೇ. ಬೇರೆ ಮೂಲವಿಲ್ಲದಾಗ ಕುಡಿಯುವ ನೀರಿನಲ್ಲಿ ಲೀಟರಿಗೆ 600 ಮಿಲಿಗ್ರಾಂ ಗಡಸುತನ, 1000 ಮಿಲಿಗ್ರಾಂ ಕ್ಲೋರೈಡಿನವರೆಗೆ ಭಾರತೀಯ ಮಾನಕ ಅನುಮತಿಸುತ್ತದೆ. ಭಾರಿ ಎಂಜಿನ್ ತಯಾರಕರು ಕೂಲೆಂಟಿಗೆ ಬೆರೆಸುವ ನೀರಿಗೆ ಹೇಳುವ ಮಿತಿ ಗಡಸುತನಕ್ಕೆ ಸುಮಾರು 170, ಕ್ಲೋರೈಡಿಗೆ ಸುಮಾರು 40. ಮನುಷ್ಯ ಕುಡಿಯಬಹುದಾದ ನೀರು ಎಂಜಿನ್ನಿಗೆ ಆಗಿಬರದೆ ಇರಬಹುದು. ಕ್ಲೋರೈಡ್ ಅಲ್ಯೂಮಿನಿಯಮ್ಮಿನಲ್ಲಿ ಸೂಜಿಮೊನೆಯಂಥ ರಂಧ್ರ ಕೊರೆಯುತ್ತದೆ.

ಗಡಸು ನೀರು ಬಿಸಿಯಾದಾಗ ಅದರಲ್ಲಿರುವ ಬೈಕಾರ್ಬನೇಟು ಕಾರ್ಬನೇಟಾಗಿ ಲೋಹಕ್ಕೆ ಅಂಟುತ್ತದೆ. ನೀರು ಆವಿಯಾಗಿ ಹೋದರೂ ಲವಣ ಒಳಗೇ ಉಳಿಯುತ್ತದೆ. 600 ಮಿಲಿಗ್ರಾಂ ಗಡಸುತನದ ನೀರನ್ನು ದಿನಕ್ಕೆ ಅರ್ಧ ಲೀಟರಿನಂತೆ 200 ದಿನ ತುಂಬಿದರೆ ಒಳಗೆ ಸೇರುವ ಲವಣ, ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ, ಹೆಚ್ಚೆಂದರೆ 60 ಗ್ರಾಂ. ಅದು ಎಲ್ಲೆಡೆ ಸಮನಾಗಿ ಕೂರದೆ ಅತಿ ಬಿಸಿಯಾದ ಜಾಗದಲ್ಲೇ ಹೆಚ್ಚು ಕೂರುತ್ತದೆ.

ಈಗ ಉಷ್ಣವಹನದ ಪಾಠ. ಚದರ ಮೀಟರಿಗೆ 100 ಕಿಲೋವ್ಯಾಟ್ ಉಷ್ಣ ದಾಟಬೇಕು ಎಂದಿಟ್ಟುಕೊಳ್ಳಿ. ಒಂದು ಮಿಲಿಮೀಟರ್ ಎರಕದ ಕಬ್ಬಿಣಕ್ಕೆ, ವಾಹಕತೆ 50 ಎಂದು ಹಿಡಿದರೆ, 2 ಡಿಗ್ರಿ ವ್ಯತ್ಯಾಸ ಸಾಕು. ವಾಹಕತೆ 2 ಇರುವ ಸುಣ್ಣದ ಪದರ ಅಷ್ಟೇ ದಪ್ಪವಿದ್ದರೆ 50 ಡಿಗ್ರಿ ಬೇಕು. ನೀರಿನ ವಿಶಿಷ್ಟೋಷ್ಣ ಎಷ್ಟೇ ಇರಲಿ, ಉಷ್ಣ ನೀರನ್ನು ತಲುಪಿದರೆ ತಾನೆ ಅದರ ಉಪಯೋಗ? ಸುಣ್ಣದ ಹಿಂದಿನ ಲೋಹ ಕಾಯುತ್ತದೆ, ಸಿಲಿಂಡರ್ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಎಣ್ಣೆಯೊಳಗೆ ನೀರು ಸೇರಿ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಆಗಿನ ದುರಸ್ತಿ ಒಂದು ಬೆಳೆಯ ಆದಾಯವನ್ನೇ ನುಂಗಬಹುದು.

ಪಠ್ಯ ಬಿಟ್ಟ ಜಾಗವನ್ನು ರೂಢಿಯ ಸಲಹೆಗಳು ತುಂಬುತ್ತವೆ. ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ಅವುಗಳಲ್ಲಿ ಒಂದು. ಪುಡಿ ರಂಧ್ರವನ್ನು ಮುಚ್ಚುತ್ತದೆ, ನಿಜ. ಆದರೆ ಸಣ್ಣ ನಳಿಕೆ ಯಾವುದು, ರಂಧ್ರ ಯಾವುದು ಎಂಬುದು ಅದಕ್ಕೆ ತಿಳಿಯದು. ಬಟ್ಟಿ ಇಳಿಸಿದ ನೀರು ಹಾಕಿದರೆ ತುಕ್ಕೇ ಇಲ್ಲ ಎಂಬುದು ಅರ್ಧಸತ್ಯ. ಅದರಿಂದ ಸುಣ್ಣ ಕಟ್ಟುವುದಿಲ್ಲ. ನಿರೋಧಕ ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಸರಿಯಾದ ಕ್ರಮ ಕಷ್ಟದ್ದಲ್ಲ. ಎಂಜಿನ್ ಪೂರ್ತಿ ತಣಿಯಲಿ. ಒತ್ತಡದಲ್ಲಿ 100 ಡಿಗ್ರಿ ಮೀರಿದ ನೀರು ಮುಚ್ಚಳ ತೆರೆದೊಡನೆ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಹಳೆಯ ನೀರು ಬಸಿಯಿರಿ, ತಿಳಿ ನೀರು ಬರುವವರೆಗೆ ತೊಳೆಯಿರಿ. ಸುಣ್ಣ ಹೆಚ್ಚಿದ್ದರೆ ರೇಡಿಯೇಟರಿಗೆಂದೇ ಮಾರುವ ಕ್ಲೀನರ್ ಬಳಸಿ, ಮತ್ತೆ ಚೆನ್ನಾಗಿ ತೊಳೆಯಿರಿ. ಉಳಿದ ಆಮ್ಲ ಲೋಹವನ್ನೇ ತಿನ್ನುತ್ತದೆ. ಸೋರಿಕೆ ಸರಿಪಡಿಸಿ, ಸವೆದ ಮುಚ್ಚಳ ಬದಲಿಸಿ. ಕೈಪಿಡಿ ಹೇಳಿದ ಕೂಲೆಂಟನ್ನು ಲವಣ ತೆಗೆದ ನೀರಿನಲ್ಲಿ ಬೆರೆಸಿ ತುಂಬಿ. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಬೇಡಿ. ನಿರೋಧಕಗಳು ಕಾಲಕ್ರಮದಲ್ಲಿ ಮುಗಿಯುತ್ತವೆ, ಅವಧಿಗೆ ಸರಿಯಾಗಿ ಬದಲಿಸಿ. ಬಸಿದ ಗ್ಲೈಕಾಲ್ ಸಿಹಿ, ಆದರೆ ವಿಷ. ದನ, ನಾಯಿ ನೆಕ್ಕುವಲ್ಲಿ ಚೆಲ್ಲಬೇಡಿ.

ಪುಟ ಸಾಲದು, ಇದೆಲ್ಲ ಪಠ್ಯದಲ್ಲಿ ಹಿಡಿಸದು ಎಂಬ ಆಕ್ಷೇಪ ಬರಬಹುದು. ಪುಟ ಹೆಚ್ಚಿಸಬೇಕಿಲ್ಲ; ಪ್ರಶ್ನೆ ಬದಲಿಸಿದರೆ ಸಾಕು. "ಕೂಲೆಂಟಿನ ವಿಶಿಷ್ಟೋಷ್ಣ ನೀರಿಗಿಂತ ಕಡಿಮೆ. ಆದರೂ ಅದನ್ನೇ ಬಳಸುವುದೇಕೆ?" ಎಂದು ಕೇಳಿ. ಭೌತವಿಜ್ಞಾನ, ರಸಾಯನವಿಜ್ಞಾನ ಎರಡನ್ನೂ ಹುಡುಗ ತೆರೆಯಬೇಕಾಗುತ್ತದೆ. ಶಿಕ್ಷಕರು ಒಂದು ಕೆಲಸ ಮಾಡಬಹುದು. ಊರಿನ ಕೊಳವೆಬಾವಿಯ, ಕೆರೆಯ, ಮಳೆಯ ನೀರನ್ನು ತಲಾ 100 ಮಿಲಿಲೀಟರ್ ತಂದು ಪ್ರಯೋಗಾಲಯದಲ್ಲಿ ಇಂಗಿಸಿ, ಉಳಿದದ್ದನ್ನು ತೂಗಿ. ಕಲಘಟಗಿಯ ಶಾಲೆಗೂ ನವಲಗುಂದದ ಶಾಲೆಗೂ ಒಂದೇ ಉತ್ತರ ಬರುತ್ತದೆಯೇ? ಹೋಲಿಸಿ ನೋಡಲಿ. ಚಹಾದ ಬಣ್ಣದ ಪ್ರಶ್ನೆ ತಂದ ಹುಡುಗನಿಗೆ ನಾನು ಕೊಟ್ಟ ಮನೆಗೆಲಸವೂ ಅದೇ.