ಪರದೇಶಿ, ಪರವಾನಗಿ, ಪ್ರಭುತ್ವ: ವಲಸೆಯ ಕುರಿತ ಎರಡು ಕೃತಿಗಳ ವಿಮರ್ಶೆ

2018ರ ಜೂನ್ 14ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ನಗರದಲ್ಲಿ ಅಂದಿನ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಅವರು ಭಾಷಣ ಮಾಡುತ್ತಾ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ಆಧಾರವಾಗಿ ಎತ್ತಿಕೊಂಡರು. ಮೆಕ್ಸಿಕೊ ಗಡಿಯನ್ನು ಅನುಮತಿಯಿಲ್ಲದೆ ದಾಟಿದ ವಯಸ್ಕರೆಲ್ಲರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಬೇಕೆಂಬ ಧೋರಣೆ ಆಗ ಜಾರಿಯಲ್ಲಿತ್ತು. ತಂದೆತಾಯಿಗಳು ಸೆರೆಮನೆಗೆ ಹೋದರೆ ಮಕ್ಕಳು ಬೇರೊಂದು ಇಲಾಖೆಯ ವಶಕ್ಕೆ ಹೋಗುತ್ತಿದ್ದರು. ಹೀಗೆ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಹೆತ್ತವರಿಂದ ಅಗಲಿದರು. ಭಾಷಣವಾದ ಆರು ದಿನಗಳಲ್ಲಿ ಅಧ್ಯಕ್ಷರ ಆದೇಶದಿಂದ ಆ ಕ್ರಮ ನಿಂತಿತು. ಜೂನ್ 26ರಂದು ಸ್ಯಾನ್ ಡಿಯಾಗೊದ ಫೆಡರಲ್ ನ್ಯಾಯಾಧೀಶರು ಮಕ್ಕಳನ್ನು ಮೂವತ್ತು ದಿನಗಳೊಳಗೆ ಹೆತ್ತವರ ಮಡಿಲಿಗೆ ಸೇರಿಸಬೇಕೆಂದು ಆಜ್ಞಾಪಿಸಿದರು. ಯಾವ ಮಗು ಯಾರದೆಂಬುದನ್ನು ತಿಳಿಸುವ ಸರಿಯಾದ ದಾಖಲೆ ವ್ಯವಸ್ಥೆಯೇ ಇಲಾಖೆಗಳ ನಡುವೆ ಇರಲಿಲ್ಲವೆಂಬುದು ಆಮೇಲೆ ಬಯಲಾಯಿತು.

ವೇದವಾಕ್ಯವನ್ನು ಹೀಗೆ ಬಳಸಿದ್ದು ಸರಿಯೇ ಎಂದು ಕೇಳುವುದು ನಮ್ಮಂಥವರ ಕರ್ತವ್ಯ. ಆದರೆ ಈ ಪ್ರಶ್ನೆಗೆ ಸಿದ್ಧ ಉತ್ತರವಿದೆಯೆಂದು ಭಾವಿಸುವುದು ತಪ್ಪಾದೀತು. ಗಡಿಯನ್ನು ಕಾಯುವ ಅಧಿಕಾರ ಪ್ರಭುತ್ವಕ್ಕಿದೆ ಎನ್ನುವವರೆಲ್ಲರೂ ಕಠಿಣಹೃದಯರಲ್ಲ. ಪರದೇಶಿಯನ್ನು ಆದರಿಸಬೇಕು ಎನ್ನುವವರೆಲ್ಲರೂ ಕಾನೂನನ್ನು ತುಚ್ಛೀಕರಿಸುವವರಲ್ಲ. ಈ ಎರಡು ಪಕ್ಷಗಳನ್ನೂ ಹಳೆ ಒಡಂಬಡಿಕೆಯ ಪಂಡಿತರಿಬ್ಬರು ಒಂದು ವರ್ಷದ ಅಂತರದಲ್ಲಿ ಮಂಡಿಸಿದ್ದಾರೆ. ಡೇನಿಯಲ್ ಕ್ಯಾರಲ್ ಅವರ 'ಕ್ರಿಶ್ಚಿಯನ್ಸ್ ಅಟ್ ದ ಬಾರ್ಡರ್' 2008ರಲ್ಲಿಯೂ ಜೇಮ್ಸ್ ಹಾಫ್‌ಮೈಯರ್ ಅವರ 'ದಿ ಇಮಿಗ್ರೇಷನ್ ಕ್ರೈಸಿಸ್' 2009ರಲ್ಲಿಯೂ ಪ್ರಕಟವಾದವು. ಅಮೆರಿಕದ ಸಭೆಗಳಲ್ಲಿ ಇಂದಿಗೂ ನಡೆಯುತ್ತಿರುವ ವಾದ ಬಹುಪಾಲು ಈ ಎರಡು ಗ್ರಂಥಗಳು ತೋಡಿದ ಕಾಲುವೆಗಳಲ್ಲಿಯೇ ಹರಿಯುತ್ತಿದೆ. ಆದಕಾರಣ ಅವೆರಡನ್ನೂ ಒಟ್ಟಿಗೆ ಪರಿಶೀಲಿಸುವುದು ಉಚಿತ.

ಹಾಫ್‌ಮೈಯರ್ ಬಾಲ್ಯವನ್ನು ಈಜಿಪ್ಟಿನಲ್ಲಿ ಕಳೆದವರು, ಪ್ರಾಚೀನ ಈಜಿಪ್ಟಿನ ವಿದ್ವಾಂಸರು. ಅವರ ವಾದದ ಮೂಲಸ್ತಂಭ ಒಂದು ಹೀಬ್ರೂ ಪದ. ಧರ್ಮಶಾಸ್ತ್ರವು ಯಾರನ್ನು ಪ್ರೀತಿಸಬೇಕೆಂದು ಆಜ್ಞಾಪಿಸುತ್ತದೋ ಆ 'ಗೇರ್' ಎಂಬವನು ಆ ನಾಡಿನವರ ಒಪ್ಪಿಗೆ ಪಡೆದು ನೆಲೆಸಿದವನು. 'ನೊಖ್ರಿ' ಎಂಬವನು ಅಂಥ ಸ್ಥಾನವಿಲ್ಲದ ಅನ್ಯನು. ಆದ್ದರಿಂದ ಪರವಾನಗಿಯಿಲ್ಲದೆ ಗಡಿ ದಾಟಿದವನಿಗೆ ಗೇರನ ಹಕ್ಕುಗಳನ್ನು ಆರೋಪಿಸುವುದು ಸಲ್ಲದೆಂದು ಅವರು ವಾದಿಸುತ್ತಾರೆ. ಯೋಸೇಫನ ಸಹೋದರರು ಗೋಷೆನ್ ಸೀಮೆಯಲ್ಲಿ ವಾಸಿಸಲು ಫರೋಹನ ಅಪ್ಪಣೆಯನ್ನು ಬೇಡಿದ್ದು (ಆದಿಕಾಂಡ 47), ಎದೋಮಿನ ಅರಸನು ದಾರಿ ಕೊಡದಿದ್ದಾಗ ಇಸ್ರಾಯೇಲ್ಯರು ಸುತ್ತುದಾರಿ ಹಿಡಿದದ್ದು (ಅರಣ್ಯಕಾಂಡ 20) ಅವರಿಗೆ ಮುಖ್ಯ ನಿದರ್ಶನಗಳು. ಪ್ರಾಚೀನ ಲೋಕದಲ್ಲಿ ಗಡಿಗಳೇ ಇರಲಿಲ್ಲವೆಂಬ ಸುಲಭ ನಂಬಿಕೆಯನ್ನು ಅವರು ಖಂಡಿಸಿದ್ದು ಗ್ರಂಥದ ನಿಜವಾದ ಸಾಧನೆ. ಗೇರನಿಗೆ ಹಕ್ಕುಗಳಷ್ಟೇ ಅಲ್ಲ, ಕಟ್ಟಳೆಗಳೂ ಇದ್ದವೆಂದು ನೆನಪಿಸಿದ್ದೂ ಸರಿಯೇ.

ಆದರೆ ಆಧಾರಸ್ತಂಭಕ್ಕೆ ಹೊರಿಸಿದ ಭಾರ ಹೆಚ್ಚಾಯಿತು. ಧರ್ಮಶಾಸ್ತ್ರವು ಗೇರನನ್ನು ನಿಲ್ಲಿಸುವುದು ಲೇವಿಯ, ಅನಾಥ, ವಿಧವೆಯರ ಸಾಲಿನಲ್ಲಿ (ಧರ್ಮೋಪದೇಶಕಾಂಡ 14:29). ಈ ನಾಲ್ವರನ್ನು ಒಂದುಗೂಡಿಸುವುದು ಪರವಾನಗಿಯಲ್ಲ. ಸ್ವಂತ ಭೂಮಿ ಇಲ್ಲದಿರುವುದು ಅಥವಾ ಆಸರೆಯಾಗುವ ಬಂಧುವಿಲ್ಲದಿರುವುದು. ಇಲ್ಲಿ ಕನ್ನಡದ ಓದುಗನಿಗೆ ಒಂದು ಅನುಕೂಲವಿದೆ. ನಮ್ಮ ಆಡುಮಾತಿನಲ್ಲಿ 'ಪರದೇಶಿ' ಎಂದರೆ ಬೇರೆ ದೇಶದವನೆಂದಷ್ಟೇ ಅಲ್ಲ. ಯಾರೂ ದಿಕ್ಕಿಲ್ಲದವನು ಎಂದರ್ಥ. ತಂದೆತಾಯಿ ಸತ್ತ ಮಗುವನ್ನು ಊರವರು 'ಪರದೇಶಿಯಾಯಿತು' ಎನ್ನುವಾಗ ಅದು ಯಾವ ಗಡಿಯನ್ನೂ ದಾಟಿರುವುದಿಲ್ಲ. ಗೇರ್ ಎಂಬ ಪದದ ತಿರುಳು ಹಾಫ್‌ಮೈಯರ್ ಕೊಡುವ ನಿರ್ವಚನಕ್ಕಿಂತ ಈ ಆಡುಮಾತಿಗೇ ಹೆಚ್ಚು ಸಮೀಪವಾಗಿದೆ. ಬರಗಾಲದಲ್ಲಿ ಈಜಿಪ್ಟಿಗೆ ಇಳಿದ ಅಬ್ರಾಮನು (ಆದಿಕಾಂಡ 12) ಯಾರ ಅಪ್ಪಣೆಯನ್ನೂ ಕೇಳಿದಂತೆ ವೃತ್ತಾಂತದಲ್ಲಿಲ್ಲ. ಕೇಳಿದವರಿಗೆ ಆತನು ಹೇಳಿದ್ದು ಅರ್ಧ ಸತ್ಯ. ಯಜಮಾನನಿಂದ ತಪ್ಪಿಸಿಕೊಂಡು ಬಂದ ದಾಸನನ್ನು ಹಿಂದಕ್ಕೆ ಒಪ್ಪಿಸದೆ ಅವನಿಷ್ಟಪಟ್ಟ ಊರಿನಲ್ಲಿ ಇರಗೊಡಬೇಕೆಂಬ ವಿಧಿಯಂತೂ (ಧರ್ಮೋಪದೇಶಕಾಂಡ 23:15-16) ಪರವಾನಗಿಯ ವಾದಕ್ಕೆ ನೇರವಾಗಿ ಎದುರು ನಿಲ್ಲುತ್ತದೆ.

ಎದೋಮಿನ ನಿದರ್ಶನವನ್ನು ಇನ್ನೊಂದು ವಚನದ ಪಕ್ಕದಲ್ಲಿಟ್ಟು ನೋಡಬೇಕು. ದಾರಿ ಕೊಡದ ಎದೋಮ್ಯನನ್ನು ಹೇಸಬಾರದು, ಅವನು ಸಹೋದರನೆಂದು ಧರ್ಮೋಪದೇಶಕಾಂಡ 23:7 ಹೇಳುತ್ತದೆ. ಅದೇ ಅಧ್ಯಾಯದ 4ನೆಯ ವಚನ ಅಮ್ಮೋನ್ಯರನ್ನೂ ಮೋವಾಬ್ಯರನ್ನೂ ದೂಷಿಸಲು ಕೊಡುವ ಮೊದಲನೆಯ ಕಾರಣವೋ, ದಾರಿಯಲ್ಲಿ ಬಂದವರಿಗೆ ಅವರು ಅನ್ನನೀರು ಕೊಡದೆ ಹೋದದ್ದು. ಗಡಿಯನ್ನು ಮುಚ್ಚಿದ್ದಕ್ಕಾಗಿ ದ್ವೇಷಕ್ಕೆ ಅವಕಾಶವಿಲ್ಲ. ದಣಿದವನಿಗೆ ನೀರು ಕೊಡದ ದೋಷವಾದರೋ ತಲೆಮಾರುಗಳವರೆಗೆ ಎಣಿಕೆಯಾಗುತ್ತದೆ. ಅರಿಜೋನಾದ ಮರುಭೂಮಿಯಲ್ಲಿ ವಲಸಿಗರಿಗಾಗಿ ನೀರಿನ ಪಾತ್ರೆಗಳನ್ನಿರಿಸಿದ ನಾಲ್ವರು ಸ್ವಯಂಸೇವಕರು ಸಂರಕ್ಷಿತ ಪ್ರದೇಶವನ್ನು ಅನುಮತಿಯಿಲ್ಲದೆ ಹೊಕ್ಕು ವಸ್ತುಗಳನ್ನು ಬಿಟ್ಟುಹೋದರೆಂದು 2019ರಲ್ಲಿ ದೋಷಿಗಳೆನಿಸಿದರು. 2020ರಲ್ಲಿ ಮೇಲ್ಮನವಿಯ ನ್ಯಾಯಾಧೀಶರು ಧಾರ್ಮಿಕ ಸ್ವಾತಂತ್ರ್ಯದ ಕಾನೂನನ್ನು ಆಧರಿಸಿ ಆ ತೀರ್ಪನ್ನು ರದ್ದುಪಡಿಸಿದರು. ಹಾಫ್‌ಮೈಯರ್ ಅವರ ಗ್ರಂಥವನ್ನು ಕೈಯಲ್ಲಿ ಹಿಡಿದವನು ಈ ಮೊಕದ್ದಮೆಗೆ ಏನು ಹೇಳಬೇಕೆಂದು ತಿಳಿಯದೆ ನಿಲ್ಲುತ್ತಾನೆ.

ಕ್ಯಾರಲ್ ಅವರ ತಾಯಿ ಗ್ವಾಟೆಮಾಲಾದವರು. ಅವರು ಗಡಿಯಿಂದಲ್ಲ, ಸೃಷ್ಟಿಯಿಂದ ಪ್ರಾರಂಭಿಸುತ್ತಾರೆ. ವಲಸೆ ಬಂದವನು ಮೊದಲು ದೇವರ ಸ್ವರೂಪವುಳ್ಳ ಮನುಷ್ಯನು, ಆಮೇಲೆ ದಾಖಲೆಯುಳ್ಳವನು ಅಥವಾ ಇಲ್ಲದವನು. ಅಲ್ಲಿಂದ ಮೂಲಪಿತೃಗಳು, ರೂತಳು, ಸೆರೆಹೋದವರು, ಸಮಾರ್ಯದವರನ್ನು ಕಂಡ ಯೇಸುಸ್ವಾಮಿ, ಪೇತ್ರನ ಮೊದಲನೆಯ ಪತ್ರಿಕೆಯ ಪ್ರವಾಸಿಗಳು ಎಂಬ ಕ್ರಮದಲ್ಲಿ ವೇದವನ್ನು ಓದಿಸುತ್ತಾರೆ. ರೋಮಾಪುರದವರಿಗೆ 13ನ್ನು 12ನೆಯ ಅಧ್ಯಾಯದಿಂದ ಕತ್ತರಿಸಿ ಓದಬಾರದೆಂಬ ಅವರ ಎಚ್ಚರಿಕೆ ನ್ಯಾಯವಾದದ್ದು. ಸಭಾಪಾಲಕನ ಮನಸ್ಸನ್ನು ತಿದ್ದುವ ಗ್ರಂಥವಾಗಿ ಇದು ಹೆಚ್ಚು ಬೆಲೆಯುಳ್ಳದ್ದು.

ಆದಾಗ್ಯೂ ಇದರಲ್ಲಿಯೂ ಒಂದು ಕೊರತೆಯಿದೆ. ತಾವು ಧೋರಣೆಗಳನ್ನು ಸೂಚಿಸಲು ಬರೆದವರಲ್ಲ, ಕ್ರೈಸ್ತನ ಮನೋಭಾವವನ್ನು ರೂಪಿಸಲು ಬರೆದವರೆಂಬುದು ಕ್ಯಾರಲ್ ಅವರ ನಿಲುವು. ಈ ವಿನಯ ಒಪ್ಪತಕ್ಕದ್ದೇ. ಆದರೆ ಅದರ ಪರಿಣಾಮವೇನಾಯಿತು? ಅತಿಥಿಸತ್ಕಾರ ಸಭೆಯ ಪಾಲಿಗೆ, ಜಾರಿ ಪ್ರಭುತ್ವದ ಪಾಲಿಗೆ ಎಂಬ ವಿಭಜನೆ ಉಳಿದುಹೋಯಿತು. ಯಾವ ಸುಧಾರಣೆ ಬಂದರೂ ಕೆಲವರಿಗೆ ಪ್ರವೇಶ ದೊರೆಯದು. ಕೆಲವರನ್ನು ಹಿಂದಕ್ಕೆ ಕಳುಹಿಸಬೇಕಾದೀತು. ಆ ದಿನ ಬಾಗಿಲು ತಟ್ಟುವ ಅಧಿಕಾರಿಯೂ ದೀಕ್ಷಾಸ್ನಾನ ಹೊಂದಿದವನಾಗಿರಬಹುದು, ಭಾನುವಾರ ನಮ್ಮ ಸಭೆಯಲ್ಲಿ ಕುಳಿತುಕೊಳ್ಳುವವನಾಗಿರಬಹುದು. ಅವನಿಗೆ ಮನೋಭಾವವನ್ನು ಮಾತ್ರ ಬೋಧಿಸಿ ಕಳುಹಿಸಿದರೆ ಸಾಲದು.

ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಪಂಡಿತರು ಕೇಳಿದ ಪ್ರಶ್ನೆ ಒಂದೇ: ಪರದೇಶಿ ಯಾರು? ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ: ಶಿಕ್ಷಿಸುವವನ ಕೈಗೆ ಮಿತಿ ಯಾವುದು? ಇದಕ್ಕೆ ಉತ್ತರ ಧರ್ಮೋಪದೇಶಕಾಂಡ 25:1-3ರಲ್ಲಿದೆ. ಅಪರಾಧಿಯೆಂದು ತೀರ್ಪಾದವನಿಗೆ ನ್ಯಾಯಾಧಿಪತಿಯು ತನ್ನ ಕಣ್ಣೆದುರಿಗೇ, ಅಪರಾಧಕ್ಕೆ ತಕ್ಕಷ್ಟು ಪೆಟ್ಟುಗಳನ್ನು ಎಣಿಸಿ ಹೊಡಿಸಬೇಕು, ನಲವತ್ತನ್ನು ಮೀರಕೂಡದು. ಮೀರಿದರೆ ಸಹೋದರನು ನೋಡುವವರ ಕಣ್ಣಿನಲ್ಲಿ ಹೀನನಾಗುವನೆಂಬುದೇ ಕಾರಣ. ಶಿಕ್ಷೆಗೆ ಅರ್ಹನಾದ ಮೇಲೂ ಅವನು ಸಹೋದರನೇ. ಎಣಿಕೆ ತಪ್ಪೀತೆಂಬ ಭಯದಿಂದ ಯೆಹೂದ್ಯರು ಒಂದನ್ನು ಕಡಿಮೆಮಾಡುತ್ತಿದ್ದರು. ಆ ಮೂವತ್ತೊಂಬತ್ತನ್ನು ಪೌಲನು ಐದು ಸಾರಿ ತಿಂದವನು (2 ಕೊರಿಂಥ 11:24). ಈ ವಿಧಿಯು ಹೇಳಿರುವುದು ಇಸ್ರಾಯೇಲ್ಯ ಸಹೋದರನ ವಿಷಯದಲ್ಲಿ, ಪರದೇಶಿಯ ವಿಷಯದಲ್ಲಿ ಅಲ್ಲ ಎಂಬ ಆಕ್ಷೇಪಣೆ ಬರಬಹುದು. ಆದರೆ ಸ್ವದೇಶದವನಿಗೂ ಗೇರನಿಗೂ ಒಂದೇ ನ್ಯಾಯವಿರಬೇಕೆಂದು ಯಾಜಕಕಾಂಡ 24:22 ಹೇಳುತ್ತದೆ. ಅದು ನೊಖ್ರಿಗೆ ಸಲ್ಲದೆಂದು ಯಾರಾದರೂ ಪಟ್ಟುಹಿಡಿದರೆ, ಹೇಸಬಾರದವನನ್ನೂ ಹೀನೈಸಬಹುದೇ ಎಂದು ಎದೋಮ್ಯನ ವಚನವನ್ನು ತೋರಿಸಿ ಕೇಳಬೇಕು.

ಈ ಮಾನದಂಡವನ್ನು ಪ್ರಸ್ತುತ ವ್ಯವಸ್ಥೆಗೆ ಹಿಡಿದು ನೋಡೋಣ. ಮೊದಲನೆಯದು ನ್ಯಾಯಾಧಿಪತಿಯ ಸನ್ನಿಧಿ. ಗಡೀಪಾರು ಶಿಕ್ಷೆಯಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1893ರಲ್ಲಿಯೇ ಚೀನೀ ಕೂಲಿಗಾರರ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಅದು ಸಿವಿಲ್ ವ್ಯವಹಾರವೆನಿಸಿದ್ದರಿಂದ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಪಡೆಯುವ ಹಕ್ಕು ಅಂಥವರಿಗಿಲ್ಲ. ಮಕ್ಕಳು ಕೂಡ ವಕೀಲರಿಲ್ಲದೆ ನಿಲ್ಲಬೇಕಾಗಿ ಬರುತ್ತದೆ. 2023ರ ಅಂತ್ಯದ ವೇಳೆಗೆ ವಲಸೆ ನ್ಯಾಯಾಲಯಗಳಲ್ಲಿ ಬಾಕಿಯಿದ್ದ ಪ್ರಕರಣಗಳು 30 ಲಕ್ಷವನ್ನು ಮುಟ್ಟಿದವು. ವರ್ಷಗಟ್ಟಲೆ ಕಾಯಿಸುವ ನ್ಯಾಯವೂ, ವಿಚಾರಣೆಯೇ ಇಲ್ಲದ ತ್ವರಿತ ಗಡೀಪಾರೂ, ಎರಡೂ ನ್ಯಾಯಾಧಿಪತಿಯ ಕಣ್ಣನ್ನು ತಪ್ಪಿಸುತ್ತವೆ.

ಎರಡನೆಯದು ಅಪರಾಧಕ್ಕೆ ತಕ್ಕ ಅಳತೆ. ಮೊದಲ ಸಲ ಗಡಿಯನ್ನು ಕದ್ದು ದಾಟುವುದು ಅಲ್ಲಿನ ಕಾನೂನಿನಲ್ಲಿ ಸಣ್ಣ ವರ್ಗದ ಅಪರಾಧ. ವೀಸಾ ಅವಧಿ ಮೀರಿ ಉಳಿಯುವುದು ಸ್ವತಃ ಕ್ರಿಮಿನಲ್ ಅಪರಾಧವೇ ಅಲ್ಲ. ಇವಕ್ಕೆ ಮಗುವನ್ನು ಕಳೆದುಕೊಳ್ಳುವುದು ತಕ್ಕ ಪೆಟ್ಟೇ? 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿದ್ದರೆಂದು ಬಂದವರು ಹೇಳಿದರು. ಬಂಧನದಲ್ಲಿಡುವುದು 2012ರಿಂದ ಜಾರಿಯಲ್ಲಿರುವ ಕ್ರಮವೆಂದೂ ಹೆಂಗಸರು ಮಕ್ಕಳಿಗೆ ಅದು ಅನ್ವಯಿಸುವುದಿಲ್ಲವೆಂದು ತಮಗೆ ತಿಳಿಸಲಾಗಿದೆಯೆಂದೂ ವಿದೇಶಾಂಗ ಸಚಿವರು ರಾಜ್ಯಸಭೆಗೆ ತಿಳಿಸಿದರು. ಸರಪಳಿ ತೊಟ್ಟವರ ದೃಶ್ಯವನ್ನು ಅಮೆರಿಕದ ಅಧಿಕಾರಿಗಳೇ ಪ್ರಚಾರ ಮಾಡಿದರು. ಅವರನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ಅಮೆರಿಕಕ್ಕಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸಹೋದರನನ್ನು ನೋಡುವವರ ಕಣ್ಣಿನಲ್ಲಿ ಹೀನನನ್ನಾಗಿ ಮಾಡಬಾರದೆಂಬ ವಿಧಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಮೀರುವುದು ಕಷ್ಟ.

ಮೂರನೆಯದು ಎಣಿಕೆಗೆ ಕೊನೆ. ನಲವತ್ತನೆಯ ಪೆಟ್ಟಿನ ಬಳಿಕ ಮನುಷ್ಯನು ಎದ್ದು ಮನೆಗೆ ಹೋಗುತ್ತಾನೆ. ದಾಖಲೆಯಿಲ್ಲದವನಿಗೆ ಇಂಥ ಕೊನೆಯಿಲ್ಲ. ಬಹುಕಾಲ ನೆಲೆಸಿದವರಿಗೆ ಶಾಶ್ವತ ವಾಸದ ಹಕ್ಕು ಕೊಡುವ ವಿಧಿಯೊಂದು ಅಮೆರಿಕದ ಕಾನೂನಿನಲ್ಲಿಯೇ ಇದೆ. ಆದರೆ 1972ರ ಜನವರಿ 1ಕ್ಕೆ ಮುಂಚೆ ಬಂದವರಿಗೆ ಮಾತ್ರ ಅದು ಅನ್ವಯಿಸುತ್ತದೆ; 1986ರ ನಂತರ ಆ ದಿನಾಂಕವನ್ನು ಬದಲಿಸಿಲ್ಲ. 2013ರಲ್ಲಿ ಸೆನೆಟ್ಟು 68-32 ಮತಗಳಿಂದ ಅಂಗೀಕರಿಸಿದ ಸಮಗ್ರ ಸುಧಾರಣೆಯ ಮಸೂದೆ ಕೆಳಮನೆಯಲ್ಲಿ ಮತಕ್ಕೇ ಬರಲಿಲ್ಲ. ಸರದಿಯಲ್ಲಿ ಬರಲಿ ಎನ್ನುವವರು ಸರದಿಯ ಉದ್ದವನ್ನೂ ಗಮನಿಸಬೇಕು. ಹೆಚ್ಚಿನ ತರಬೇತಿ ಬೇಡದ ಕೂಲಿಕೆಲಸದವರಿಗೆ ವರ್ಷಕ್ಕೆ ಮೀಸಲಾದ ಶಾಶ್ವತ ವೀಸಾಗಳು 10,000ವನ್ನು ಮೀರುವುದಿಲ್ಲ. ಒಂದೊಂದು ದೇಶಕ್ಕೂ ಶೇಕಡಾ 7ರ ಮಿತಿಯಿರುವುದರಿಂದ, ಬೆಂಗಳೂರಿನಿಂದ ಕ್ರಮಬದ್ಧವಾಗಿ ಹೋಗಿ ತೆರಿಗೆ ಕಟ್ಟುತ್ತಿರುವ ನಮ್ಮ ಸಭೆಗಳ ಮಕ್ಕಳೂ ಗ್ರೀನ್ ಕಾರ್ಡಿಗಾಗಿ ದಶಕಗಟ್ಟಲೆ ಕಾಯುತ್ತಾರೆ.

2025ರ ಜನವರಿಯಲ್ಲಿ ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಅವರು ಪ್ರೀತಿಗೆ ಒಂದು ಕ್ರಮವಿದೆ, ಮೊದಲು ಕುಟುಂಬ, ಬಳಿಕ ನೆರೆಯವರು, ಸ್ವದೇಶದವರು, ಆಮೇಲೆ ಉಳಿದ ಲೋಕ ಎಂಬ ಹಳೆಯ ಕ್ರೈಸ್ತ ಬೋಧನೆಯನ್ನು ಮುಂದಿಟ್ಟರು. ಫೆಬ್ರವರಿ 10ರಂದು ಪೋಪ್ ಫ್ರಾನ್ಸಿಸ್ ಅವರು ಅಮೆರಿಕದ ಬಿಷಪ್ಪರಿಗೆ ಬರೆದ ಪತ್ರದಲ್ಲಿ ಒಳ್ಳೆಯ ಸಮಾರ್ಯದವನ ಸಾಮ್ಯದಿಂದಲೇ ಆ ಕ್ರಮವನ್ನು ಕಲಿಯಬೇಕೆಂದು ಉತ್ತರಿಸಿದರು. ಘೋರ ಅಪರಾಧ ಮಾಡಿದವರಿಂದ ಜನರನ್ನು ಕಾಪಾಡುವ ಹಕ್ಕು ರಾಷ್ಟ್ರಕ್ಕಿದೆಯೆಂದೂ ಅದೇ ಪತ್ರ ಒಪ್ಪುತ್ತದೆ. ಅಗಸ್ಟೀನನ ಕಾಲದಿಂದ ಬಂದ ಪ್ರೀತಿಯ ಕ್ರಮದ ಬೋಧನೆಯನ್ನು ನಾವು ಅಲ್ಲಗಳೆಯಬೇಕಿಲ್ಲ. ನನ್ನ ಮಗುವಿಗೆ ಮೊದಲು ಉಣಿಸುವುದು ಪಾಪವಲ್ಲ. ಆದರೆ ಆ ಕ್ರಮ ಯಾರಿಗೆ ಮೊದಲು ಕೊಡಬೇಕೆಂಬುದನ್ನು ಹೇಳುತ್ತದೆಯೇ ಹೊರತು, ಕೊನೆಯಲ್ಲಿರುವವನ ಮಗುವನ್ನು ಕಸಿದುಕೊಳ್ಳಲು ಅಪ್ಪಣೆ ಕೊಡುವುದಿಲ್ಲ.

ಪುನಃ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಬರೋಣ. ಅಧಿಕಾರಿಯನ್ನು ಪೌಲನು ದೇವರ ಸೇವಕನೆಂದು ಕರೆಯುತ್ತಾನೆ. ಸೇವಕನೆಂದ ಮೇಲೆ ಯಜಮಾನನಿಗೆ ಲೆಕ್ಕ ಒಪ್ಪಿಸಬೇಕಾದವನೆಂದಾಯಿತು. ಆ ಯಜಮಾನನಾದರೋ ಪರದೇಶಿಗೆ ಅನ್ನವಸ್ತ್ರಗಳನ್ನು ಕೊಟ್ಟು ಪ್ರೀತಿಸುವಾತನು (ಧರ್ಮೋಪದೇಶಕಾಂಡ 10:18). ಫೋರ್ಟ್ ವೇಯ್ನ್‌ನಲ್ಲಿ ಅಧ್ಯಾಯದ ಮೊದಲ ಭಾಗ ಕೇಳಿಬಂತು; 8ರಿಂದ 10ರವರೆಗಿನ ವಚನಗಳು ಕೇಳಿಬರಲಿಲ್ಲ. ಪ್ರೀತಿಯು ನೆರೆಯವನಿಗೆ ಕೇಡು ಮಾಡುವುದಿಲ್ಲ, ಆದಕಾರಣ ಅದೇ ಧರ್ಮಶಾಸ್ತ್ರದ ನೆರವೇರಿಕೆ ಎಂಬ ನಿರ್ಣಯಕ್ಕೆ ಪೌಲನು ಬರುವುದು ಅಲ್ಲಿ.

ದೇವಶಾಸ್ತ್ರದ ವಿದ್ಯಾರ್ಥಿಗಳು ಈ ಎರಡೂ ಗ್ರಂಥಗಳನ್ನು ಓದಬೇಕೆಂಬುದೇ ನನ್ನ ಸಲಹೆ. ಕ್ಯಾರಲ್ ಅವರನ್ನು ಮೊದಲು ಓದಿದರೆ ಹಾಫ್‌ಮೈಯರ್ ಅವರ ಎಚ್ಚರಿಕೆಗಳಿಂದ ಪ್ರಯೋಜನವಾಗುತ್ತದೆ. ಹಾಫ್‌ಮೈಯರ್ ಅವರನ್ನು ಮೊದಲು ಓದಿದವನಿಗೆ ವಲಸಿಗನ ಮುಖ ಕಾಣುವ ಮೊದಲೇ ಅವನ ಕಾಗದಪತ್ರ ಕಂಡುಬಿಡುವ ಅಪಾಯವಿದೆ. ಎರಡನ್ನೂ ಮುಗಿಸಿದ ಮೇಲೆ, ಇಬ್ಬರ ವಾದದಲ್ಲಿಯೂ ತಕ್ಕ ಸ್ಥಾನ ಸಿಗದೆ ಹೋದ ಧರ್ಮೋಪದೇಶಕಾಂಡ 25ರ ಮೂರು ವಚನಗಳನ್ನು ತೆರೆದು, ಹೊಡೆಯುವವನು ಎಲ್ಲಿ ನಿಲ್ಲಿಸಬೇಕೆಂದು ಕೇಳಿಕೊಳ್ಳಲಿ. ಪ್ರಭುತ್ವಕ್ಕೆ ಸಭೆಯು ಹೇಳಬೇಕಾದ ಮಾತು ಅಲ್ಲಿದೆ. ಅದನ್ನು ಹೇಳುವವರು ತಮ್ಮ ಊರಿನ ಪರದೇಶಿಗಳ ವಿಷಯದಲ್ಲಿಯೂ ಅದಕ್ಕೆ ಬದ್ಧರಾಗಿರತಕ್ಕದ್ದು.