ಬೆರಳನ್ನು ಕೇಳಿಸುವ ತಾಮ್ರ

ಎಲೆಕ್ಟ್ರಿಕ್ ಗಿಟಾರಿನ ಒಳ್ಳೆಯ ಸಿಂಗಲ್ ಕಾಯಿಲ್ ಪಿಕಪ್‌ನ ದನಿಯಲ್ಲಿ ಒಂದು ತೇವವಿರುತ್ತದೆ. ಸ್ವಿಚ್ಚನ್ನು ನೆಕ್ ಪಿಕಪ್‌ಗೆ ತಳ್ಳಿ, ಎರಡನೆಯ ತಂತಿಯನ್ನು ಬರಿಬೆರಳಲ್ಲಿ ಮೀಟಿ, ಮೆಲ್ಲಗೆ ಜಗ್ಗಿ ನೋಡಿ. ಸ್ವರ ಮೊದಲು ದುಂಡಗೆ ಹುಟ್ಟುತ್ತದೆ, ಆಮೇಲೆ ಅದರ ಅಂಚು ತುಸು ಹೊಳೆಯುತ್ತದೆ, ಕೊನೆಗೆ ಬೆರಳಿನ ಚರ್ಮ ತಂತಿಯನ್ನು ಬಿಡುವ ಸದ್ದು ಕೂಡ ಕಿವಿಗೆ ಬೀಳುತ್ತದೆ. ಗಿಟಾರಿನ ಹಳೆಯ ಪಿಕಪ್ ತೆಗೆದು ಹೊಸದನ್ನು ಕೂರಿಸುವಾಗ ನಾನು ಹುಡುಕುವುದು ಈ ಕೊನೆಯ ಸದ್ದನ್ನೇ.

ತಂತಿಯ ನಡುಕವನ್ನು ಕರೆಂಟಾಗಿಸುವ ಈ ಪಿಕಪ್ಪಿನ ಒಳಗಿರುವುದು ಇಷ್ಟೇ: ಅಲ್ಯುಮಿನಿಯಂ, ನಿಕೆಲ್, ಕೋಬಾಲ್ಟ್ ಬೆರೆತ ಆಲ್ನಿಕೋ ಅಯಸ್ಕಾಂತದ ಆರು ಕಡ್ಡಿಗಳು. ಅವುಗಳ ಸುತ್ತ 0.06 ಮಿ.ಮೀ. ದಪ್ಪದ 42 ಗೇಜಿನ ತಾಮ್ರದ ಎಳೆ, ಏಳೆಂಟು ಸಾವಿರ ಸುತ್ತು. ಬೆಂಗಳೂರಿನ ಶಿವಾಜಿನಗರದ ಗಲ್ಲಿಯಲ್ಲಿ ಮೋಟರ್ ವೈಂಡಿಂಗ್ ಮಾಡುವವರ ಕೈಯನ್ನು ನಿಂತು ನೋಡಿದವರಿಗೆ ಇದರ ಸೊಗಸು ಬೇಗ ಹತ್ತುತ್ತದೆ. ಅಲ್ಲಿ ಎಳೆ ಸಾಲಾಗಿ, ಬಿಗಿಯಾಗಿ ಕೂರಬೇಕು. ಇಲ್ಲಿ ಕೈ ಕೊಂಚ ಅಲುಗಿ, ಸುತ್ತುಗಳು ಒಂದರ ಮೇಲೊಂದು ಓರೆಯಾಗಿ ಬಿದ್ದರೇ ಚೆಂದ. ನಾದದ ಮೇಲಿನ ಹೊಳಪು ಮಸುಕಾಗದೆ ಉಳಿಯುತ್ತದೆ. ಸುತ್ತು ಹೆಚ್ಚಿದಷ್ಟೂ ದನಿ ಜೋರು, ಜೊತೆಗೆ ಮಂದ.

ಹಾಗೆಂದು ಸಿಂಗಲ್ ಕಾಯಿಲ್ ಸಾಧುವೇನಲ್ಲ. ಹಲಸೂರಿನ ಹಳೆ ಮನೆಯ ಟ್ಯೂಬ್‌ಲೈಟಿನ ಚೋಕು, ಪಕ್ಕದವರ ಮಿಕ್ಸಿ, ಎಲ್ಲಕ್ಕೂ ಕಿವಿಗೊಟ್ಟು ಗುಂಯ್ ಅನ್ನುತ್ತದೆ. ಗಿಟಾರ್ ಹಿಡಿದು ಕೂತಲ್ಲೇ ನಿಧಾನ ತಿರುಗಿದರೆ ಗುಂಯ್ ತಗ್ಗುವ ದಿಕ್ಕೊಂದು ಸಿಗುತ್ತದೆ. ನನ್ನ ಕುರ್ಚಿ ಕಿಟಕಿಗೆ ಬೆನ್ನು ಹಾಕಿರುವುದು ಅದಕ್ಕೇ.

ಗಿಟಾರ್ ತಯಾರಿಸುವ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಈ ಗುಂಯ್ ಸದ್ದಿಗೆ ಮದ್ದು ಕಂಡರು: ತಿರುವುಮುರುವಾಗಿ ಜೋಡಿಸಿದ ಎರಡು ಕಾಯಿಲ್. ಕರೆಂಟಿನ 50 ಹರ್ಟ್ಸ್ ಗದ್ದಲ ಒಂದರಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿದು ಅಳಿಸಿಹೋಗುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಹಂಬಕರ್ ಎಂಬ ಈ ಜೋಡಿ ಕಾಯಿಲ್ ಪಿಕಪ್ಪಿನ ಕೆನೆಗಟ್ಟಿದ, ತುಂಬಿದ ದನಿಗೂ ನಾನು ಸೋತವನೇ. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡಿನ ಮೂರು ಗಿಟಾರುಗಳು ಒಟ್ಟಿಗೆ ಎದ್ದಾಗ ಎದೆಗೂಡೇ ಮೊಳಗಿತ್ತು. ಅದಕ್ಕೆ ಎರಡು ವರ್ಷ ಮುಂಚೆ ಅದೇ ಮೈದಾನದಲ್ಲಿ ಗಿಟಾರ್ ವಾದಕ ಮಾರ್ಕ್ ನಾಪ್‌ಫ್ಲರ್ ಪಿಕ್ ಹಿಡಿಯದೆ ಬೆರಳಲ್ಲೇ ನುಡಿಸಿದ್ದರು. ಮೊಳಗು ಮರುದಿನಕ್ಕೆ ಇಳಿಯಿತು; ಆ ಬೆರಳು ಇನ್ನೂ ಕೇಳುತ್ತಿದೆ.

ಹಾಗಾಗಿ ನನ್ನ ಆಯ್ಕೆ ಇದು. ಬ್ರಿಡ್ಜ್‌ಗೆ ಹದವಾದ ಹಂಬಕರ್, ನೆಕ್‌ಗೆ ಆರು ಕಿಲೋ ಓಂ ಆಸುಪಾಸಿನ ರೋಧವಿರುವ ಸಿಂಗಲ್ ಕಾಯಿಲ್. ಅಯಸ್ಕಾಂತಗಳಲ್ಲಿ ಆಲ್ನಿಕೋ 5 ಚುರುಕು, ಆಲ್ನಿಕೋ 2 ಮೆದು. ಇಂದಿರಾನಗರದ ಪುಟ್ಟ ಕೋಣೆಗಳಲ್ಲಿ ಸಣ್ಣ ಆಂಪ್ ಇಟ್ಟು ನುಡಿಸುವವರಿಗೆ ಎರಡನೆಯದೇ ಇಂಪು. ಬೆಸುಗೆ ಮುಗಿದ ಮೇಲೆ ಸ್ಕ್ರೂ ತಿರುಗಿಸಿ ಪಿಕಪ್ಪನ್ನು ಒಂದಿಷ್ಟು ಕೆಳಗಿಳಿಸಿ. ಅಯಸ್ಕಾಂತದ ಸೆಳೆತ ಸಡಿಲಾಗಿ ತಂತಿ ಬಿಡುಬೀಸಾಗಿ ಆಡುತ್ತದೆ, ಸ್ವರ ನಿಲ್ಲುತ್ತದೆ, ಇನ್ನೂ ನಿಲ್ಲುತ್ತದೆ.

ಒಂದೇ ಪಿಕಪ್‌ಗೆ ದುಡ್ಡಿದೆ ಎನ್ನುವವರು ಕಣ್ಣುಮುಚ್ಚಿ ನೆಕ್‌ನದನ್ನು ಬದಲಿಸಿ. ಜೋರು ಬೇಕಾದರೆ ಆಂಪ್ ಕೊಡುತ್ತದೆ. ಪಿಕಪ್ ಕೇಳಿಸಿಕೊಳ್ಳದ ಬೆರಳನ್ನು ಯಾವ ಆಂಪೂ ಕೊಡಲಾರದು.